ಸಿಮ್ಯುಲೇಶನ್ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ತಿರುಗಿ ನೋಡುವ ಅಭ್ಯಾಸ ಮತ್ತು ವೃತ್ತಿಯ ಬೆಳವಣಿಗೆ

ಸಿಮ್ಯುಲೇಶನ್ ಲ್ಯಾಬ್‌ಗೆ (ನಿಜವಾದ ರೋಗಿಯಿಲ್ಲದೆ ಚಿಕಿತ್ಸೆಯ ಸನ್ನಿವೇಶ ನಡೆಸಿ ಕಲಿಸುವ ಜಾಗ) ಹೊಸದಾಗಿ ಬಂದ ಶಿಕ್ಷಕರು ಮೊದಲ ವಾರ ಕೇಳುವುದೆಲ್ಲ ಮ್ಯಾನಿಕಿನ್, ಅಂದರೆ ರೋಗಿಯ ಬದಲು ಮಲಗಿಸುವ ಬೊಂಬೆಯ ಬಗ್ಗೆ. ನಾಡಿ ಎಲ್ಲಿ ಸಿಗುತ್ತದೆ, ವೈರ್ ಎಲ್ಲಿ ಸಿಕ್ಕಿಸಬೇಕು, ಸಾಫ್ಟ್‌ವೇರ್ ಕೈಕೊಟ್ಟರೆ ಏನು ಗತಿ. ಆರು ತಿಂಗಳು ಕಳೆಯಲಿ, ಪ್ರಶ್ನೆಗಳು ಬೇರೆಯಾಗುತ್ತವೆ. ‘ನಾನು ಇಷ್ಟೆಲ್ಲ ಹೇಳುತ್ತೇನೆ, ಅವರ ತಲೆಗೆ ಹೋಗುತ್ತಿದೆಯಾ?’ ‘ನನ್ನ ಡಿಬ್ರೀಫಿಂಗ್ ಯಾಕೆ ಪ್ರತಿ ಸಲವೂ ಪಾಠವಾಗಿಬಿಡುತ್ತದೆ?’ ಡಿಬ್ರೀಫಿಂಗ್ ಅಂದರೆ ಸಿನಾರಿಯೊ (ನಡೆಸಿದ ಸನ್ನಿವೇಶ) ಮುಗಿದ ಮೇಲೆ ಗುಂಪಿನ ಜೊತೆ ಕೂತು ಆದದ್ದರ ಬಗ್ಗೆ ಮಾತಾಡುವುದು. ಇಲ್ಲಿರುವುದು ಈ ಎರಡನೇ ಬಗೆಯ ಪ್ರಶ್ನೆಗಳು. ನರ್ಸಿಂಗ್, ವೈದ್ಯಕೀಯ, ತುರ್ತು ಚಿಕಿತ್ಸೆ, ಯಾವ ಕಡೆಯಿಂದ ಬಂದವರಿಗಾದರೂ ಅನ್ವಯಿಸುತ್ತವೆ. ಉತ್ತರಗಳಲ್ಲಿ ನನ್ನ ಸ್ವಂತ ಅಭಿಪ್ರಾಯವೂ ಸಾಕಷ್ಟು ಬೆರೆತಿದೆ.

ಸಿಮ್ಯುಲೇಶನ್ ಅಂದರೆ ಬೊಂಬೆ ಇಟ್ಟುಕೊಂಡು ಕಲಿಸುವುದು ತಾನೇ? ಅದರಲ್ಲಿ ತಿರುಗಿ ನೋಡುವುದಕ್ಕೆ ಏನಿದೆ?

ಬೊಂಬೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಓಸ್ಮುಂಡ್ ಲೇರ್ಡಾಲ್ ಅವರು ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ‘ರಿಸಸಿ ಆ್ಯನ್’ ಬೊಂಬೆಯನ್ನು ತಂದರು. ಅರಿವಳಿಕೆ ಕಲಿಯುವ ವೈದ್ಯರಿಗಾಗಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ನಡೆಸುವ ‘ಸಿಮ್ ಒನ್’ ಬಂದದ್ದು 1967ರ ಹೊತ್ತಿಗೆ. ಆದರೆ ಅದಕ್ಕೂ ಮುಂಚೆ, 1963ರಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಅವರು ಯಾವ ಬೊಂಬೆಯೂ ಇಲ್ಲದೆ ಸಿಮ್ಯುಲೇಶನ್ ಮಾಡಿದ್ದರು. ಆರೋಗ್ಯವಾಗಿದ್ದವರಿಗೆ ರೋಗಿಯ ಪಾತ್ರ ಕಲಿಸಿ, ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಇವತ್ತು ನಾವು ಸ್ಟ್ಯಾಂಡರ್ಡೈಸ್ಡ್ ಪೇಶಂಟ್ ಅನ್ನುವುದು ಅದನ್ನೇ.

ಸಿಮ್ಯುಲೇಶನ್ ಒಂದು ವಿಧಾನ, ತಂತ್ರಜ್ಞಾನ ಅಲ್ಲ ಎಂದು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ 2004ರಲ್ಲಿ ಬರೆದರು. ವಿಧಾನ ಅಂದಮೇಲೆ ಅದನ್ನು ನಡೆಸುವವರ ಕೈಗುಣ ಮುಖ್ಯ. ಬೊಂಬೆ ಕೆಟ್ಟು ಕೂತ ದಿನ, ಸಹೋದ್ಯೋಗಿಯೊಬ್ಬರನ್ನೇ ಮಂಚದ ಮೇಲೆ ಮಲಗಿಸಿ ನಡೆಸಿದ ಒಂದೆರಡು ತರಗತಿಗಳು ನನ್ನ ಒಳ್ಳೆಯ ತರಗತಿಗಳ ಸಾಲಿನಲ್ಲಿವೆ. ಬೊಂಬೆ ಮಾರುವವರ ಮುಂದೆ ಇದನ್ನು ಹೇಳುವುದಿಲ್ಲ, ಅಷ್ಟೆ.

‘ತಿರುಗಿ ನೋಡುವುದು’ ಅಂದರೆ ಏನು ಮಾಡುವುದು?

ಮೆಲುಕು ಹಾಕುವುದು. ಹಸು ಮೇಯುವಾಗ ಗಬಗಬ ನುಂಗುತ್ತದೆ. ಆಮೇಲೆ ನೆರಳಲ್ಲಿ ಮಲಗಿ ಅದನ್ನೇ ಬಾಯಿಗೆ ತಂದುಕೊಂಡು ನಿಧಾನಕ್ಕೆ ಅಗಿಯುತ್ತದೆ. ತರಗತಿ ನಡೆಸುವಾಗ ನಾವೂ ಹಾಗೇ, ಎಲ್ಲವನ್ನೂ ನುಂಗಿರುತ್ತೇವೆ. ಅರಗುವುದು ಆಮೇಲೆ, ಅದೂ ಅಗಿದರೆ ಮಾತ್ರ.

ಗೊಂದಲ, ಅನುಮಾನ ಹುಟ್ಟಿದಾಗಲೇ ನಿಜವಾದ ಯೋಚನೆ ಶುರುವಾಗುತ್ತದೆ ಎಂದು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲೇ ಬರೆದಿದ್ದರು. 1983ರಲ್ಲಿ ಡೊನಾಲ್ಡ್ ಶೋನ್ ಇದನ್ನು ವೃತ್ತಿಗಳಿಗೆ ತಂದು ಎರಡಾಗಿ ಬಿಡಿಸಿದರು. ಕೆಲಸ ಮಾಡುತ್ತಿರುವಾಗಲೇ ಯೋಚಿಸುವುದು ಒಂದು, ಮುಗಿದ ಮೇಲೆ ಯೋಚಿಸುವುದು ಇನ್ನೊಂದು.

ನೀವು ಬೊಂಬೆಯನ್ನು ನಡೆಸುವ ಕಂಟ್ರೋಲ್ ರೂಮಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಗಾಜಿನಾಚೆ ನಾಲ್ಕು ಜನ ತಬ್ಬಿಬ್ಬಾಗಿ ನಿಂತಿದ್ದಾರೆ. ಈಗ ಬೊಂಬೆಯ ರಕ್ತದೊತ್ತಡ ಇನ್ನಷ್ಟು ಇಳಿಸಬೇಕು ಅನ್ನುತ್ತದೆ ಸ್ಕ್ರಿಪ್ಟ್. ನಿಮ್ಮ ಬೆರಳು ಮೌಸ್ ಮೇಲಿದೆ, ಆದರೂ ಒತ್ತುವುದಿಲ್ಲ, ಎರಡು ನಿಮಿಷ ಕಾಯುತ್ತೀರಿ. ಇದು ಶೋನ್ ಹೇಳಿದ ಮೊದಲನೆಯದು. ಸಂಜೆ ಬ್ಯಾಗ್ ಎತ್ತಿಕೊಳ್ಳುವಾಗ ಒಂದು ಪ್ರಶ್ನೆ ಬರುತ್ತದೆ: ‘ನಾನು ಕಾದದ್ದು ಅವರಿಗೆ ಯೋಚಿಸಲು ಸಮಯ ಸಿಗಲಿ ಅಂತಲೋ, ಅವರ ಪರದಾಟ ನನ್ನಿಂದ ನೋಡಲಾಗಲಿಲ್ಲವೋ?’ ಇದು ಎರಡನೆಯದು. ಈ ಪ್ರಶ್ನೆಗೆ ಕೂತು ಉತ್ತರ ಹುಡುಕಿದವರಿಗೆ ಮುಂದಿನ ಸಲ ಮೌಸ್ ಹಿಡಿದಾಗ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿರುತ್ತದೆ.

ಡಿಬ್ರೀಫಿಂಗ್‌ನಲ್ಲಿ ಇದೆಲ್ಲ ಆಗೇ ಆಗುತ್ತದಲ್ಲ? ಬೇರೆ ಯಾಕೆ?

ಡಿಬ್ರೀಫಿಂಗ್‌ನಲ್ಲಿ ತಿರುಗಿ ನೋಡುವವರು ಕಲಿಯುವವರು. ನೀವು ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತಿರುತ್ತೀರಿ. ಆ ಕುರ್ಚಿಗೆ ಪ್ರಶ್ನೆ ಕೇಳುವವರು ಯಾರೂ ಇಲ್ಲ. ‘ಏನು ಚೆನ್ನಾಗಿ ಆಯ್ತು, ಏನು ಬದಲಾಯಿಸುತ್ತೀರಿ’ ಎಂದು ದಿನಕ್ಕೆ ಮೂರು ಗುಂಪುಗಳಿಗೆ ಕೇಳುವವರು ತಮಗೇ ಅದನ್ನು ಕೇಳಿಕೊಂಡು ವರ್ಷವಾಗಿರುತ್ತದೆ. ನಾನೂ ಹಾಗೇ ಇದ್ದೆ.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ, ನನಗೆ ನನ್ನ ಬೆನ್ನು ಕಂಡದ್ದು ಒಂದು ರೆಕಾರ್ಡಿಂಗ್‌ನಿಂದ. ಡಿಬ್ರೀಫಿಂಗ್ ಒಂದನ್ನು ಗುಂಪಿನ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಂಡಿದ್ದೆ. ತುಂಬ ಚೆನ್ನಾಗಿ ಆಯಿತು, ಎಲ್ಲರೂ ಮಾತಾಡಿದರು ಎಂಬ ಖುಷಿಯಲ್ಲಿದ್ದೆ. ಮನೆಯಲ್ಲಿ ಕೂತು, ಕೈಯಲ್ಲಿ ಗಡಿಯಾರ ಹಿಡಿದು ಕೇಳಿದೆ. 24 ನಿಮಿಷದ ಡಿಬ್ರೀಫಿಂಗ್‌ನಲ್ಲಿ 17 ನಿಮಿಷ ನನ್ನದೇ ದನಿ. ಪ್ರಶ್ನೆಗಳೇನೋ ಕೇಳಿದ್ದೆ, ಉತ್ತರವನ್ನೂ ಬಹುತೇಕ ನಾನೇ ಹೇಳಿದ್ದೆ. ಒಂದು ಕಡೆ ‘ಆಕ್ಸಿಜನ್ ಆಗಲೇ ಯಾಕೆ ಹಾಕಿದಿರಿ?’ ಅಂದಿದ್ದೇನೆ. ಎರಡು ಸೆಕೆಂಡ್ ಮೌನ. ಆಮೇಲೆ ನನ್ನದೇ ದನಿ: ‘ಯಾಕಂದ್ರೆ ಸ್ಯಾಚುರೇಶನ್ 88ಕ್ಕೆ ಬಂದಿತ್ತು, ಅಲ್ವಾ?’ ಆ ಎರಡು ಸೆಕೆಂಡಿನ ಕೊನೆಯಲ್ಲಿ ಒಂದು ಹೆಣ್ಣು ದನಿ ‘ನಂಗೆ...’ ಎಂದು ಶುರುಮಾಡಿ ನಿಂತುಬಿಟ್ಟಿದೆ. ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಆ ಹುಡುಗಿ ಏನು ಹೇಳಲು ಹೊರಟಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಲಿಸುವವರ ಬೆಳವಣಿಗೆ ಅಂತ ನಾನು ಕರೆಯುವುದು ಇದನ್ನೇ. ಕಲಿಯುವವರಿಗೆ ನಾವು ಹಿಡಿಯುವ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳುವುದು. ಉಳಿದ ಕೋರ್ಸು, ಸರ್ಟಿಫಿಕೇಟು ಎಲ್ಲ ಇದರ ಮೇಲೆ ಬರಬೇಕು.

ತಿರುಗಿ ನೋಡುವ ಹೆಜ್ಜೆಗಳನ್ನು ಹೇಳುವ ಚಕ್ರಗಳು ಗಿಬ್ಸ್, ಕೋಲ್ಬ್, ಇನ್ನೂ ಎಷ್ಟೋ ಇವೆ. ಯಾವುದನ್ನು ಹಿಡಿಯಲಿ?

ಯಾವುದಾದರೂ ಒಂದು. ಚಕ್ರ ಆರಿಸುವುದರಲ್ಲೇ ತಿಂಗಳು ಕಳೆಯಬೇಡಿ.

ಡೇವಿಡ್ ಕೋಲ್ಬ್ 1984ರಲ್ಲಿ ಕೊಟ್ಟ ಚಕ್ರದಲ್ಲಿ ನಾಲ್ಕು ಹೆಜ್ಜೆ: ಅನುಭವ, ಅದನ್ನು ತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಮತ್ತೆ ಪ್ರಯೋಗಿಸಿ ನೋಡುವುದು. ಸಿಮ್ಯುಲೇಶನ್ ತರಗತಿಯ ಇಡೀ ಏರ್ಪಾಡೇ ಹೆಚ್ಚುಕಡಿಮೆ ಹೀಗಿದೆ. ಗ್ರಹಾಂ ಗಿಬ್ಸ್ ಅವರ 1988ರ ಚಕ್ರದಲ್ಲಿ ಆರು ಹೆಜ್ಜೆ, ಅದರಲ್ಲಿ ‘ನಿಮಗೆ ಏನನ್ನಿಸಿತು’ ಎಂಬುದಕ್ಕೆ ಬೇರೆಯೇ ಜಾಗ ಇದೆ. ನರ್ಸಿಂಗ್ ಕಡೆಯವರಿಗೆ ಇದು ಪರಿಚಿತ. ಟೆರಿ ಬೋರ್ಟನ್ 1970ರಲ್ಲಿ ಹೇಳಿದ್ದು ಇನ್ನೂ ಚಿಕ್ಕದು, ಮೂರೇ ಪ್ರಶ್ನೆ: ಏನಾಯ್ತು? ಅದರಿಂದೇನು? ಈಗ ಏನು ಮಾಡೋಣ?

ನಾನು ಬಳಸುವುದು ಈ ಮೂರು ಪ್ರಶ್ನೆಗಳನ್ನು. ಕಾರಣ ದೊಡ್ಡದೇನಲ್ಲ. ದಣಿದಿರುವಾಗಲೂ ನೆನಪಿರುತ್ತವೆ.

ಡೈರಿ ಬರೆಯಲೇಬೇಕಾ? ನನಗೆ ಬರೆಯುವುದೆಂದರೆ ಆಗುವುದಿಲ್ಲ.

ಬರೆಯಲೇಬೇಕೆಂದಿಲ್ಲ. ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಇಟ್ಟುಕೊಂಡರೂ ಆಯಿತು. ಆದರೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತೇನೆ ಅಂದರೆ ಅದು ಉಳಿಯುವುದಿಲ್ಲ. ಮಾರನೇ ದಿನಕ್ಕೆ ನಮ್ಮ ನೆನಪು ನಮಗೆ ಬೇಕಾದ ಹಾಗೆ ಕಥೆ ತಿದ್ದಿರುತ್ತದೆ.

ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ನನ್ನ ಹಳೆಯ ಪುಸ್ತಕದ ಒಂದು ಸಾಲು ಇದು: ‘ಇಂದಿನ ಸೆಷನ್ ಚೆನ್ನಾಗಿತ್ತು. ಸಂವಹನದ ಬಗ್ಗೆ ಇನ್ನೂ ಒತ್ತು ಕೊಡಬೇಕು.’ ಇದರಲ್ಲಿ ಏನೂ ಇಲ್ಲ. ಯಾವ ಸೆಷನ್‌ಗಾದರೂ ಅಂಟಿಸಬಹುದು. ಎರಡು ವರ್ಷದ ನಂತರದ ಪುಸ್ತಕದಲ್ಲಿ ಹೀಗಿದೆ: ‘ಟೀಮ್ ಲೀಡರ್ ಆಗಿದ್ದವನು ಕೈಕಟ್ಟಿ ನಿಂತ. ನನಗೆ ಕಿರಿಕಿರಿಯಾಯಿತು. ಡಿಬ್ರೀಫಿಂಗ್‌ನಲ್ಲಿ ಮೊದಲ ಪ್ರಶ್ನೆ ಅವನಿಗೇ ಹೋಯಿತು, ಅದೂ ಸ್ವಲ್ಪ ಗಡುಸಾಗಿ. ಉಳಿದವರು ಆಮೇಲೆ ಬಾಯಿಬಿಡಲಿಲ್ಲ. ನಾಳೆ ಮೊದಲ ಪ್ರಶ್ನೆ ಇಡೀ ಗುಂಪಿಗೆ.’ ಇದರಲ್ಲಿ ಕಣ್ಣಿಗೆ ಕಂಡದ್ದಿದೆ, ನನಗೆ ಆದದ್ದಿದೆ, ಅದರ ಪರಿಣಾಮ ಇದೆ, ನಾಳೆ ಮಾಡುವ ಒಂದು ಕೆಲಸವೂ ಇದೆ. ಒಂದೇ ಕೆಲಸ. ಐದು ಬರೆದರೆ ಒಂದೂ ಆಗುವುದಿಲ್ಲ.

ವಿದ್ಯಾರ್ಥಿ ತಪ್ಪು ಮಾಡಿದಾಗ ನೇರವಾಗಿ ಹೇಳಬೇಕಾ, ಅವರೇ ಕಂಡುಕೊಳ್ಳಲಿ ಎಂದು ಬಿಡಬೇಕಾ?

ಎರಡೂ ಅಲ್ಲ. ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಹಿಂದೆ ಎರಡು ಬಗೆಯ ಶಿಕ್ಷಕರಿದ್ದರು. ಒಬ್ಬರು ‘ಇದು ತಪ್ಪು’ ಎಂದು ಮುಖಕ್ಕೇ ಹೇಳುವವರು. ಅವರು ಹೇಳಿದ್ದು ನೆನಪಿರುತ್ತಿತ್ತು, ಅವಮಾನವೂ ಜೊತೆಗೆ ನೆನಪಿರುತ್ತಿತ್ತು. ಇನ್ನೊಬ್ಬರು ಯಾರ ಮನಸ್ಸಿಗೂ ನೋವಾಗಬಾರದು ಎಂದು ಸುತ್ತಿ ಬಳಸಿ ಕೇಳುವವರು: ‘ಔಷಧದ ಬಗ್ಗೆ ಏನಾದರೂ ಬೇರೆ ಯೋಚನೆ ಬಂದಿತ್ತಾ?’ ವಿದ್ಯಾರ್ಥಿಗಳು ಪೆದ್ದರಲ್ಲ. ಏನೋ ತಪ್ಪಾಗಿದೆ, ಇವರು ಹೇಳುತ್ತಿಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಉತ್ತರ ಊಹಿಸುವ ಆಟ ಶುರು.

ಬಾಸ್ಟನ್‌ನ ಜೆನ್ನಿ ರುಡಾಲ್ಫ್ ಮತ್ತು ಅವರ ಸಂಗಡಿಗರು 2006ರಲ್ಲಿ ಈ ಎರಡನೇ ದಾರಿಯ ಬಣ್ಣ ಬಯಲು ಮಾಡಿದರು. ತೀರ್ಪೇ ಇಲ್ಲದ ಡಿಬ್ರೀಫಿಂಗ್ ಅನ್ನುವುದೇ ಇಲ್ಲ ಎಂದರು. ನಿಮ್ಮ ಮನಸ್ಸಿನಲ್ಲಿ ತೀರ್ಪು ಇದ್ದೇ ಇದೆ, ಮುಚ್ಚಿಡಬೇಡಿ. ಕಂಡದ್ದನ್ನು ಹೇಳಿ, ಅದರಿಂದ ನಿಮಗೇಕೆ ಆತಂಕವಾಯಿತು ಎಂದು ಹೇಳಿ, ಆಮೇಲೆ ನಿಜವಾದ ಕುತೂಹಲದಿಂದ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿ. ಯಾರೂ ಬೇಕಂತ ತಪ್ಪು ಮಾಡುವುದಿಲ್ಲ. ಆ ಕ್ಷಣಕ್ಕೆ ಅವರಿಗೆ ಸರಿ ಅನ್ನಿಸಿದ್ದನ್ನೇ ಮಾಡಿರುತ್ತಾರೆ. ಆ ‘ಸರಿ ಅನ್ನಿಸಿದ್ದು’ ಏನು ಎಂದು ಹುಡುಕುವುದು ನಮ್ಮ ಕೆಲಸ.

ಒಂದು ಸಲ ಆದದ್ದು. ಆ್ಯಂಟಿಬಯೋಟಿಕ್ ಕೊಟ್ಟ ಕೂಡಲೇ ರೋಗಿಗೆ ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್, ಆಗುವ ಸಿನಾರಿಯೊ. ಮೈಮೇಲೆ ದದ್ದು, ಉಸಿರಾಟದಲ್ಲಿ ಸೀಟಿ, ಬಿ.ಪಿ. ಕುಸಿತ. ದೊಡ್ಡವರಿಗಾದರೆ 0.5 ಮಿಲಿಗ್ರಾಂ ಅಡ್ರಿನಲಿನ್ ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡಬೇಕು, ತಡಮಾಡಬಾರದು. ಈ ನರ್ಸಿಂಗ್ ವಿದ್ಯಾರ್ಥಿನಿ ಆಂಪ್ಯೂಲ್ ಕೈಯಲ್ಲಿ ಹಿಡಿದುಕೊಂಡು ನಾಲ್ಕು ನಿಮಿಷ ನಿಂತಳು. ನಾಲ್ಕು ನಿಮಿಷ! ಗಾಜಿನಾಚೆ ಕೂತ ನಾನು ‘ಡೋಸ್ ಗೊತ್ತಿಲ್ಲ’ ಎಂದು ನೋಟ್ ಮಾಡಿಕೊಂಡೆ. ಡಿಬ್ರೀಫಿಂಗ್‌ನಲ್ಲಿ ಡೋಸ್ ಪಾಠ ಮಾಡಲು ಬೋರ್ಡ್ ಕೂಡ ಒರೆಸಿಟ್ಟಿದ್ದೆ.

ಯಾಕೋ ಅವತ್ತು ಮೊದಲು ಕೇಳಿದೆ. ‘ಆಂಪ್ಯೂಲ್ ನಿಮ್ಮ ಕೈಯಲ್ಲೇ ಇತ್ತು, ನಾಲ್ಕು ನಿಮಿಷ ಆದಮೇಲೆ ಕೊಟ್ಟಿರಿ. ಅಷ್ಟರಲ್ಲಿ ರೋಗಿ ಕೈತಪ್ಪಿ ಹೋಗಬಹುದು ಎಂದು ನನಗೆ ಭಯವಾಯಿತು. ಆಗ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು?’ ಅವಳು ಡೋಸ್ ಸರಿಯಾಗಿ ಹೇಳಿದಳು. ಜಾಗ ಹೇಳಿದಳು. ಆಮೇಲೆ, ‘ವಾರ್ಡಿನಲ್ಲಿ ಸೀನಿಯರ್ ಹೇಳದೆ ಅಡ್ರಿನಲಿನ್ ಮುಟ್ಟಬಾರದು ಅಂತ ಬೈಸಿಕೊಂಡಿದ್ದೆ. ಇಲ್ಲಿ ಡಾಕ್ಟರ್ ಮಾನಿಟರ್ ನೋಡ್ತಾ ಇದ್ರು. ನನ್ನ ಕಡೆ ನೋಡ್ಲಿ ಅಂತ ಕಾಯ್ತಾ ಇದ್ದೆ’ ಅಂದಳು. ಡಾಕ್ಟರ್ ಪಾತ್ರ ಮಾಡಿದ್ದ ಸಹೋದ್ಯೋಗಿ ತಲೆ ಕೆರೆದುಕೊಂಡರು. ಮಾನಿಟರ್‌ನಿಂದ ಕಣ್ಣು ತೆಗೆಯಬೇಡಿ ಎಂದು ಅವರಿಗೆ ಹೇಳಿಕೊಟ್ಟವರು ನಾನೇ!

ಡೋಸ್ ಪಾಠ ಮಾಡಿದ್ದರೆ ಗೊತ್ತಿದ್ದುದನ್ನೇ ಮತ್ತೆ ಕಲಿಸಿದಂತಾಗುತ್ತಿತ್ತು. ಅವಳ ತೊಡಕು ಬಾಯಿಬಿಡುವುದರಲ್ಲಿತ್ತು. ಉಳಿದ ಅರ್ಧ ಗಂಟೆ ನಾವು ಮಾತಾಡಿದ್ದು, ನೋಡದೆ ನಿಂತ ಸೀನಿಯರ್ ಗಮನ ಸೆಳೆಯುವುದು ಹೇಗೆ ಎಂಬುದನ್ನು. ‘ಸರ್, ಇದು ಅನಾಫಿಲಾಕ್ಸಿಸ್ ಅನ್ನಿಸುತ್ತಿದೆ, ಅಡ್ರಿನಲಿನ್ ರೆಡಿ ಇದೆ, ಕೊಡಲಾ?’ ಈ ಒಂದು ಸಾಲನ್ನು ಪ್ರತಿಯೊಬ್ಬರೂ ಎದ್ದುನಿಂತು ಗಟ್ಟಿಯಾಗಿ ಹೇಳಿದರು. ಅವತ್ತಿನ ನನ್ನ ಡೈರಿಯಲ್ಲಿ ಇರುವುದು ಅವಳ ಬಗ್ಗೆ ಅಲ್ಲ. ಗಾಜಿನಾಚೆ ಕೂತು ನಾನು ಎಷ್ಟು ಬೇಗ, ಎಷ್ಟು ಖಚಿತವಾಗಿ ಕಾರಣ ಬರೆದುಕೊಂಡೆ ಎಂಬುದರ ಬಗ್ಗೆ.

ಒಂದು ಎಚ್ಚರಿಕೆ. ‘ನನಗೆ ಕುತೂಹಲ’ ಎಂದು ಬಾಯಲ್ಲಿ ಹೇಳಿ ದನಿಯಲ್ಲಿ ಬೈಯುವವರಿದ್ದಾರೆ. ಸೂತ್ರ ಬಾಯಿಪಾಠ ಮಾಡಿದರೆ ಬರುವುದು ಇದೇ.

ಗುಂಪು ಬಾಯೇ ಬಿಡುವುದಿಲ್ಲ. ಏನು ಮಾಡಲಿ?

ಮೊದಲು ಕಾಯಿರಿ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆರರ ಹೊತ್ತಿಗೆ ನಿಮಗೇ ತಡೆಯಲಾಗುವುದಿಲ್ಲ, ಏಳು ಎಂಟರ ಹೊತ್ತಿಗೆ ಯಾರಾದರೂ ಕೆಮ್ಮುತ್ತಾರೆ, ಆಮೇಲೆ ಮಾತು ಬರುತ್ತದೆ.

ಎಷ್ಟು ಕಾದರೂ ಬಾರದಿದ್ದರೆ ಮೂಲ ಹಿಂದೆ ಇದೆ, ಸಿನಾರಿಯೊಗೆ ಮುಂಚೆ ಗುಂಪಿಗೆ ಎಲ್ಲ ವಿವರಿಸುವ ಪ್ರೀಬ್ರೀಫಿಂಗ್‌ನಲ್ಲಿ. ಗುಂಪಿನಲ್ಲಿ ತಪ್ಪು ಒಪ್ಪಿಕೊಂಡರೆ, ಗೊತ್ತಿಲ್ಲ ಅಂದರೆ ಯಾರೂ ಕೀಳಾಗಿ ಕಾಣುವುದಿಲ್ಲ ಎಂಬ ನಂಬಿಕೆಯನ್ನು ಏಮಿ ಎಡ್ಮಂಡ್‌ಸನ್ 1999ರಲ್ಲಿ ಕೆಲಸದ ತಂಡಗಳಲ್ಲಿ ಅಧ್ಯಯನ ಮಾಡಿ, ಅದಿರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ತೋರಿಸಿದರು. ಈ ನಂಬಿಕೆ ‘ಇಲ್ಲಿ ತಪ್ಪು ಮಾಡಬಹುದು’ ಎಂದು ಗೋಡೆಗೆ ಚೀಟಿ ಅಂಟಿಸಿದರೆ ಬರುವುದಿಲ್ಲ. ರೆಕಾರ್ಡಿಂಗ್ ಯಾರು ನೋಡುತ್ತಾರೆ, ಅಂಕ ಇದೆಯಾ ಇಲ್ಲವಾ, ಬೊಂಬೆಗೆ ಏನು ಸಾಧ್ಯ ಏನು ಅಸಾಧ್ಯ, ಇವನ್ನು ಮೊದಲೇ ಬಿಡಿಸಿ ಹೇಳಬೇಕು. ನಮ್ಮ ತಪ್ಪೊಂದನ್ನು ನಾವೇ ಮೊದಲು ಹೇಳಿಕೊಂಡರೆ ಇನ್ನೂ ಬೇಗ ಬರುತ್ತದೆ.

ಹಾಂ, ಹಿಂದಿನ ಸಾಲಿನಲ್ಲಿ ಅವರ ವಿಭಾಗದ ಮುಖ್ಯಸ್ಥರು ಕೂತಿದ್ದಾರಾ ಎಂದೂ ಒಮ್ಮೆ ನೋಡಿ.

ವಿಡಿಯೊ ಹಾಕಿ ತೋರಿಸಲೇಬೇಕಾ?

ಬೇಡ. ಅರಿವಳಿಕೆ ಕಲಿಯುತ್ತಿದ್ದ ವೈದ್ಯರ ಮೇಲೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಯಿಮಾತಿನ ಡಿಬ್ರೀಫಿಂಗ್‌ಗೆ ವಿಡಿಯೊ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಡಿಬ್ರೀಫಿಂಗೇ ಇಲ್ಲದ ಗುಂಪು ಮಾತ್ರ ಸುಧಾರಿಸಲಿಲ್ಲ. ವಿಡಿಯೊ ಹಾಕುವುದಾದರೆ ಮೂವತ್ತು ಸೆಕೆಂಡಿನ ಒಂದು ತುಣುಕು ಸಾಕು. ನಿಮ್ಮನ್ನು ನೀವು ನೋಡಿಕೊಳ್ಳಲು ಮಾತ್ರ ವಿಡಿಯೊಗಿಂತ ಒಳ್ಳೆಯದು ಇಲ್ಲ.

ನನ್ನ ಡಿಬ್ರೀಫಿಂಗ್ ಹೇಗಿದೆ ಎಂದು ಅಳೆಯಲು ಏನಾದರೂ ಇದೆಯಾ?

ಎರಡು ಅಳತೆಪಟ್ಟಿಗಳು ಹೆಸರುವಾಸಿಯಾಗಿವೆ. ಒಂದು ಬಾಸ್ಟನ್‌ನ ಸೆಂಟರ್ ಫಾರ್ ಮೆಡಿಕಲ್ ಸಿಮ್ಯುಲೇಶನ್ ತಯಾರಿಸಿದ ಡ್ಯಾಶ್. ಆರು ಅಂಶ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಇದರಲ್ಲಿ ಮೂರು ನಮೂನೆಗಳಿವೆ: ಹೊರಗಿನಿಂದ ನೋಡುವವರು ತುಂಬುವುದು, ಶಿಕ್ಷಕರು ತಮಗೆ ತಾವೇ ತುಂಬುವುದು, ವಿದ್ಯಾರ್ಥಿಗಳು ತುಂಬುವುದು. ಇನ್ನೊಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಬಂದ ಓಸ್ಯಾಡ್. ಇದರಲ್ಲಿ ಎಂಟು ಅಂಶ, ತಲಾ 5 ಅಂಕ, ಒಟ್ಟು 40.

ಅಂಕಕ್ಕಿಂತ ಅಂತರ ನೋಡಿ. ‘ಎಲ್ಲರನ್ನೂ ಮಾತಿಗೆ ಎಳೆದೆ’ ಎಂಬುದಕ್ಕೆ ನೀವು ನಿಮಗೆ 6 ಕೊಟ್ಟುಕೊಂಡಿದ್ದೀರಿ, ವಿದ್ಯಾರ್ಥಿಗಳು 4 ಕೊಟ್ಟಿದ್ದಾರೆ ಅಂದರೆ ಆ ಎರಡು ಅಂಕದ ನಡುವೆಯೇ ನಿಮ್ಮ ಬೆನ್ನು ಇದೆ.

ಸಾಧ್ಯವಾದರೆ ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿಕೊಳ್ಳಿ. ‘ಹೇಗಿತ್ತು?’ ಎಂದು ಆಮೇಲೆ ಕೇಳಿದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ಪಾಪ, ಇನ್ನೇನು ಅಂದಾರು. ಮೊದಲೇ ಒಂದೇ ಒಂದು ಕೆಲಸ ಕೊಡಿ: ‘ನಾನು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೇನೆ ಬರೆದುಕೊಳ್ಳಿ’, ಅಥವಾ ‘ಯಾರು ಯಾರ ಜೊತೆ ಮಾತಾಡಿದರು, ಕಾಗದದ ಮೇಲೆ ಗೆರೆ ಎಳೆಯಿರಿ’. ಗೆರೆಯೆಲ್ಲ ನಿಮ್ಮ ಕುರ್ಚಿಗೇ ಬಂದು ಸೇರಿದ್ದರೆ ಬೇರೆ ವಿವರಣೆ ಬೇಕಾಗಿಲ್ಲ.

ವಾರ್ಡಿನಲ್ಲಿ 15 ವರ್ಷ ಕೆಲಸ ಮಾಡಿದ್ದೇನೆ. ಇಲ್ಲಿ ಯಾಕೆ ಹೊಸಬರ ಹಾಗೆ ತಡವರಿಸುತ್ತೇನೆ?

ಇಲ್ಲಿ ನೀವು ಹೊಸಬರೇ. ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸಿಂಗ್‌ನಲ್ಲಿ ಹೊಸಬರಿಂದ ಪಳಗಿದವರವರೆಗೆ ಐದು ಮೆಟ್ಟಿಲು ಗುರುತಿಸಿದರು. ಕೆಲಸದ ಜಾಗ ಬದಲಾದರೆ ಪಳಗಿದವರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಬರುತ್ತಾರೆ ಎಂದೂ ಹೇಳಿದ್ದರು. ಪಳಗಿದವರಿಗೆ ಇನ್ನೊಂದು ತೊಂದರೆ ಇದೆ. ರೋಗಿ ಹದಗೆಡುವುದು ನಿಮಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಹೇಗೆ ಗೊತ್ತಾಯಿತು ಎಂದು ಹೇಳಲು ಬರುವುದಿಲ್ಲ. ಅದನ್ನು ಬಿಡಿಸಿ ಹೇಳಲು ಕಲಿಯುವುದೇ ಇಲ್ಲಿನ ನಿಮ್ಮ ಹೊಸ ಕೆಲಸ.

ವರ್ಷ ಕಳೆದಂತೆ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಮನೋವಿಜ್ಞಾನಿ ಆ್ಯಂಡರ್ಸ್ ಎರಿಕ್ಸನ್ 1993ರಿಂದ ಹೇಳುತ್ತಾ ಬಂದದ್ದು ಅದನ್ನೇ: ಸುಮ್ನೆ ಮಾಡುತ್ತಾ ಹೋದರೆ ಸಾಲದು, ಒಂದು ಅಂಶ ಹಿಡಿದು, ಯಾರಾದರೂ ತಿದ್ದುತ್ತಾ, ಮತ್ತೆ ಮತ್ತೆ ಮಾಡಬೇಕು. ಹತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವ ಕೆಲವರದ್ದು ಒಂದೇ ವರ್ಷದ ಅನುಭವ, ಹತ್ತು ಸಲ.

ಸರ್ಟಿಫಿಕೇಟ್ ಮಾಡಿಕೊಳ್ಳಬೇಕಾ?

ಮಾಡಿಕೊಂಡರೆ ನಷ್ಟವಿಲ್ಲ. ಸೊಸೈಟಿ ಫಾರ್ ಸಿಮ್ಯುಲೇಶನ್ ಇನ್ ಹೆಲ್ತ್‌ಕೇರ್ ಎಂಬ ಅಂತಾರಾಷ್ಟ್ರೀಯ ಸಂಘ 2004ರಲ್ಲಿ ಹುಟ್ಟಿತು. ಶಿಕ್ಷಕರಿಗಾಗಿ ಅದು ಸಿಎಚ್‌ಎಸ್‌ಇ ಎಂಬ ಪ್ರಮಾಣಪತ್ರ ಕೊಡುತ್ತದೆ. ಪರೀಕ್ಷೆ ಬರೆಯಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೇಲಿನ ಹಂತದ ಪ್ರಮಾಣಪತ್ರಕ್ಕೆ ನಿಮ್ಮ ಕೆಲಸದ ಪೋರ್ಟ್‌ಫೋಲಿಯೊ ಕೊಡಬೇಕು. ಯಂತ್ರ, ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಬೇರೆಯದೇ ಇದೆ, ಸಿಎಚ್‌ಎಸ್‌ಒಎಸ್ ಎಂದು.

ಇನಾಕ್ಸಲ್ ಎಂಬ ನರ್ಸಿಂಗ್ ಸಿಮ್ಯುಲೇಶನ್ ಸಂಘದ ಮಾನದಂಡಗಳನ್ನೂ ಓದಿ. 2021ರ ಆವೃತ್ತಿಯಲ್ಲಿ ಕಲಿಸುವವರ ವೃತ್ತಿ ಬೆಳವಣಿಗೆಗೇ ಒಂದು ಪ್ರತ್ಯೇಕ ಮಾನದಂಡ ಸೇರಿಸಿದ್ದಾರೆ. ಮೇಲಿನವರಿಗೆ ‘ತರಬೇತಿಗೆ ಸಮಯ ಕೊಡಿ’ ಎಂದು ಕೇಳುವಾಗ ಕೈಯಲ್ಲಿ ಹಿಡಿದುಕೊಳ್ಳಲು ಇದು ಒಳ್ಳೆಯ ಕಾಗದ.

ಪೋರ್ಟ್‌ಫೋಲಿಯೊ ಕಟ್ಟಲು ಕೊನೆಯ ತಿಂಗಳು ಕೂತವರ ಪಾಡು ನೋಡಿದ್ದೇನೆ. ಡೈರಿ ಇದ್ದವರಿಗೆ ಎರಡು ವಾರದ ಕೆಲಸ, ಇಲ್ಲದವರಿಗೆ ಪತ್ತೇದಾರಿ ಕೆಲಸ.

ಸಿನಾರಿಯೊದಲ್ಲಿ ರೋಗಿ ‘ಸತ್ತಾಗ’ ಒಬ್ಬರು ಅತ್ತುಬಿಟ್ಟರು. ನನ್ನ ತಪ್ಪಾ?

ಅತ್ತದ್ದು ತಪ್ಪಲ್ಲ. ಮೊದಲೇ ತಿಳಿಸಿದ್ದಿರಾ, ಸಾವು ಪಾಠದ ಗುರಿಗೆ ಬೇಕಿತ್ತಾ, ಅತ್ತ ಮೇಲೆ ನೀವೇನು ಮಾಡಿದಿರಿ, ಇವು ಪ್ರಶ್ನೆಗಳು. ನಾನೊಮ್ಮೆ ಮಾತು ಬದಲಾಯಿಸಿ ‘ಸರಿ, ಈಗ ಕಂಪ್ರೆಶನ್ ವೇಗ ನೋಡೋಣ’ ಅಂದುಬಿಟ್ಟೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ ಎಂದು ಎಲ್ಲರೂ ಒಪ್ಪಿಸಿದರು. ಯಾರ ಕಣ್ಣೂ ನನ್ನ ಕಡೆ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅತ್ತವರ ಮನೆಯಲ್ಲಿ ಹಿಂದಿನ ತಿಂಗಳು ಸಾವಾಗಿತ್ತು. ಈಗ ಅಂಥ ಸಿನಾರಿಯೊ ಇದ್ದರೆ ಮೊದಲೇ ಹೇಳುತ್ತೇನೆ, ಹೊರಗಿರಲು ಬಯಸುವವರಿಗೆ ಕಾರಣ ಕೇಳುವುದಿಲ್ಲ. ಡಿಬ್ರೀಫಿಂಗ್‌ನಲ್ಲಿ ಮೊದಲ ಕೆಲವು ನಿಮಿಷ ಅನ್ನಿಸಿದ್ದನ್ನು ಹೇಳಲೆಂದೇ ಬಿಡುತ್ತೇನೆ. 2015ರಲ್ಲಿ ವಾಲ್ಟರ್ ಎಪಿಶ್ ಮತ್ತು ಆ್ಯಡಮ್ ಚೆಂಗ್ ಪ್ರಕಟಿಸಿದ ಪರ್ಲ್ಸ್ ಎಂಬ ಡಿಬ್ರೀಫಿಂಗ್ ಚೌಕಟ್ಟಿನಲ್ಲೂ ಮೊದಲ ಹಂತ ಇದೇ.

ಇಷ್ಟೆಲ್ಲ ಮಾಡಿದರೆ ಪ್ರಯೋಜನ ಇದೆ ಎಂದು ಯಾರಾದರೂ ತೋರಿಸಿದ್ದಾರಾ?

ತೋರಿಸಿದ್ದಾರೆ. ಬೇರೆ ಬೇರೆ ಕ್ಷೇತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಟ್ಯಾನೆನ್‌ಬಾಮ್ ಮತ್ತು ಸೆರಸೋಲಿ 2013ರಲ್ಲಿ ಲೆಕ್ಕ ಹಾಕಿದಾಗ, ಡಿಬ್ರೀಫಿಂಗ್‌ನಿಂದ ಕೆಲಸ ಸರಾಸರಿ ಶೇ. 25ರಷ್ಟು ಸುಧಾರಿಸಿತ್ತು. 2014ರಲ್ಲಿ ಅಮೆರಿಕದ ನರ್ಸಿಂಗ್ ಮಂಡಳಿಗಳ ಪರಿಷತ್ತು 10 ಕಡೆ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಆಸ್ಪತ್ರೆಯ ಕಲಿಕೆಯ ಅರ್ಧದಷ್ಟು ಗಂಟೆಗಳನ್ನು ಸಿಮ್ಯುಲೇಶನ್‌ಗೆ ಬದಲಾಯಿಸಿದರೂ ವಿದ್ಯಾರ್ಥಿಗಳು ಹಿಂದೆ ಬೀಳಲಿಲ್ಲ. ಆಡಳಿತದವರು ಈ ಸಾಲನ್ನು ತುಂಬ ಇಷ್ಟಪಡುತ್ತಾರೆ. ಅದರ ಮುಂದಿನ ಸಾಲನ್ನು ಅಷ್ಟಾಗಿ ಓದುವುದಿಲ್ಲ: ಅಲ್ಲಿ ಕಲಿಸಿದವರಿಗೆ ಸರಿಯಾದ ತರಬೇತಿ ಇತ್ತು, ಡಿಬ್ರೀಫಿಂಗ್ ಒಂದು ಪದ್ಧತಿಯಂತೆ ನಡೆದಿತ್ತು.

ಇದಕ್ಕೆಲ್ಲ ಸಮಯ ಎಲ್ಲಿದೆ?

ಮುಂದಿನ ಗುಂಪು ಬರುವ ಮುಂಚೆ ನೀವು ಬೊಂಬೆಗೆ ಹಾಕಿದ ಪ್ಲಾಸ್ಟರ್ ಕೀಳುತ್ತಿರುತ್ತೀರಲ್ಲ, ಆ ಐದು ನಿಮಿಷ. ಜೊತೆಗಿದ್ದ ತಂತ್ರಜ್ಞರಿಗೆ ಬೋರ್ಟನ್ ಅವರ ಆ ಮೂರು ಪ್ರಶ್ನೆ ಕೇಳಿ. ಅವರು ನೀವು ಕಾಣದ್ದನ್ನು ಕಂಡಿರುತ್ತಾರೆ, ಯಾರೂ ಕೇಳಿರುವುದಿಲ್ಲ.

ತಿರುಗಿ ನೋಡುತ್ತಾ ಹೋದರೆ ನಿದ್ದೆಯೇ ಬರುವುದಿಲ್ಲ. ಬರೀ ನನ್ನ ತಪ್ಪುಗಳೇ ಕಾಣುತ್ತವೆ.

ಅದು ಮೆಲುಕಲ್ಲ, ಕೊರಗು. ಕೊರಗು ‘ನಾನು ಯಾಕೆ ಹೀಗೆ’ ಎಂದು ಕೇಳುತ್ತದೆ. ಮೆಲುಕು ‘ಅಲ್ಲಿ ಏನಾಯಿತು’ ಎಂದು ಕೇಳುತ್ತದೆ. ಬರೆದದ್ದನ್ನು ಓದಿ ನೋಡಿ. ಎಲ್ಲ ಸಾಲೂ ‘ನಾನು’ ಎಂದೇ ಶುರುವಾಗಿ ಕೊನೆಯಲ್ಲಿ ನಾಳೆ ಮಾಡುವ ಕೆಲಸ ಇಲ್ಲದಿದ್ದರೆ ಪುಸ್ತಕ ಮುಚ್ಚಿ, ಒಬ್ಬ ಗೆಳೆಯರ ಜೊತೆ ಮಾತಾಡಿ. ಚೆನ್ನಾಗಿ ಆದದ್ದು ಯಾಕೆ ಚೆನ್ನಾಗಿ ಆಯಿತು ಎಂದೂ ಬರೆಯಿರಿ. ಅದನ್ನು ಜಾಸ್ತಿ ಜನ ಬರೆಯುವುದಿಲ್ಲ, ಹಾಗಾಗಿ ಅದು ಮತ್ತೆ ಆಗುವುದೂ ಇಲ್ಲ.

ವಿದ್ಯಾರ್ಥಿಗಳು ತಿರುಗಿ ನೋಡಿ ಬರೆಯುವ ರಿಫ್ಲೆಕ್ಷನ್ ಬರಹಕ್ಕೆ ಅಂಕ ಕೊಡಬಹುದಾ?

ನನಗಿಷ್ಟವಿಲ್ಲ. ಅಂಕ ಇಟ್ಟ ಕೂಡಲೇ ಅವರು ನಮಗೆ ಬೇಕಾದದ್ದನ್ನು ಬರೆಯುತ್ತಾರೆ. ‘ಈ ಅನುಭವ ನನ್ನ ಕಣ್ಣು ತೆರೆಸಿತು’ ಎಂದು ಒಂದೇ ಬ್ಯಾಚಿನಲ್ಲಿ ಹನ್ನೊಂದು ಜನ ಬರೆದಿದ್ದರು. ನಿಯಮದ ಪ್ರಕಾರ ಅಂಕ ಕೊಡಲೇಬೇಕಾದರೆ, ಬರೆದು ಕೊಟ್ಟರೋ ಇಲ್ಲವೋ ಎಂಬುದಕ್ಕೆ ಮಾತ್ರ ಕೊಡಿ.

ನನ್ನ ಡೈರಿಯಲ್ಲಿ ವಿದ್ಯಾರ್ಥಿಗಳ ಹೆಸರು ಬರೆದುಕೊಳ್ಳಬಹುದಾ?

ಬೇಡ. ‘ಟೀಮ್ ಲೀಡರ್’, ‘ಏರ್‌ವೇ ನೋಡಿಕೊಂಡವರು’ ಎಂದು ಬರೆದರೆ ನಿಮಗೆ ನೆನಪಾಗುತ್ತದೆ, ಬೇರೆಯವರಿಗೆ ತಿಳಿಯುವುದಿಲ್ಲ. ರೆಕಾರ್ಡಿಂಗ್ ಮಾಡಿಕೊಂಡಿದ್ದರೆ ಯಾವಾಗ ಅಳಿಸುತ್ತೀರಿ ಎಂದು ಒಪ್ಪಿಗೆ ಕೇಳುವಾಗಲೇ ಹೇಳಿ, ಆ ದಿನ ಅಳಿಸಿ. ನನ್ನ ಆ 24 ನಿಮಿಷದ ರೆಕಾರ್ಡಿಂಗೂ ಈಗಿಲ್ಲ. ಅರ್ಧಕ್ಕೆ ನಿಂತ ಆ ‘ನಂಗೆ...’ ಮಾತ್ರ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.